ಚೆರಿ ಸಾಲಿಗೇ ಯಾಕೆ ‘ನಿನ್ನೆಯ ದರ’? ಒಂದು ಕಾಫಿ ದರಪಟ್ಟಿಯ ಪ್ರಕರಣ ಅಧ್ಯಯನ

ಇದು ದಕ್ಷಿಣ ಕೊಡಗಿನ ಒಬ್ಬ ಕಾಫಿ ವ್ಯಾಪಾರಿಯ ವೆಬ್‌ಪುಟದ ಕಥೆ. ಅವರ ಹೆಸರು, ಊರು, ಕೋಡ್ ಬರೆದ ಹುಡುಗನ ಕಾಲೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಕೋಡ್‌ಗೆ ಸಂಬಂಧಿಸಿದ ಯಾವುದನ್ನೂ ಬದಲಿಸಿಲ್ಲ. ತೊಂದರೆ ತಲೆದೋರಿದ ಮೇಲೆ ನನ್ನನ್ನು ಕರೆದರು. ಅದಕ್ಕೆ ಮೊದಲಿನದ್ದು ಅವರೆಲ್ಲರ ಬಾಯಿಂದ ಕೇಳಿದ್ದು, ಆಮೇಲಿನದ್ದು ನಾನೇ ಕೂತು ನೋಡಿದ್ದು.

ಹಿನ್ನೆಲೆ

ಪುಟ ತುಂಬಾ ಸಣ್ಣದು. ಒಂದು ಟೇಬಲ್, ಆರು ಸಾಲು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಕಾಳುಮೆಣಸು, ಏಲಕ್ಕಿ. ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರಿ. ಕಾಫಿಗೆ 50 ಕೆಜಿ ಚೀಲದ ದರ, ಮೆಣಸು ಏಲಕ್ಕಿಗೆ ಕೆಜಿ ದರ. ಬೆಳಿಗ್ಗೆ ಪುಟ ತೆರೆದರೆ ಎಲ್ಲ ಸಾಲುಗಳೂ ಬೂದು ಬಣ್ಣದಲ್ಲಿ ‘ನಿನ್ನೆಯ ದರ’ ಎಂಬ ಹಣೆಪಟ್ಟಿ ಹೊತ್ತು ಕಾಣಬೇಕು. ಅಂಗಡಿಯ ಲೆಕ್ಕ ನೋಡುವ ಅಕ್ಕ ಸ್ಪ್ರೆಡ್‌ಶೀಟ್‌ನಲ್ಲಿ ಇವತ್ತಿನ ದರ ತುಂಬಿದೊಡನೆ ಅಂಕಿ ಬದಲಾಗಬೇಕು, ಬೂದು ಬಣ್ಣ ಹೋಗಬೇಕು. ಪುಟ ಹತ್ತು ನಿಮಿಷಕ್ಕೊಮ್ಮೆ ತಾನೇ ಶೀಟ್ ನೋಡಿ ಬರುತ್ತದೆ. ಬೂದು ಬಣ್ಣ, ‘ನಿನ್ನೆಯ ದರ’ ಎರಡೂ ಒಂದು ಕ್ಲಾಸ್‌ನಿಂದ, ಅಂದರೆ ಪುಟದ ಕೋಡ್‌ನಲ್ಲಿ ಸಾಲಿಗೆ ಅಂಟಿಸುವ ಗುರುತಿನ ಹೆಸರಿನಿಂದ, ಬರುತ್ತಿದ್ದವು. ಅದನ್ನು ಇಲ್ಲಿ ‘ಹಳತು’ ಎಂದು ಕರೆಯೋಣ. ಸಾಲಿನಿಂದ ‘ಹಳತು’ ತೆಗೆದರೆ ಅದು ಇವತ್ತಿನ ದರ.

ಮೊದಲು ಇದೆಲ್ಲ ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಇತ್ತು, ತಕರಾರಿಲ್ಲದೆ ನಡೆಯುತ್ತಿತ್ತು. ವ್ಯಾಪಾರಿಯ ಪರಿಚಯದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಪುಟವನ್ನು ಹಗುರ ಮಾಡಿಕೊಡುತ್ತೇನೆ ಎಂದ. ಯೋಚನೆ ಸರಿಯಾದದ್ದೇ. ತೋಟದೊಳಗೆ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು, ಅಲ್ಲಿ ಆರು ಸಾಲಿನ ಟೇಬಲ್‌ಗಾಗಿ ಕುಗ್ಗಿಸಿದ ಮೇಲೂ ಸುಮಾರು 30 ಕಿಲೋಬೈಟ್ ತೂಗುವ ಲೈಬ್ರರಿ ಎಳೆದು ತರುವುದು ದಂಡ. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಹೊರತಂದಾಗ ಒಂದೊಂದು ಬ್ರೌಸರ್ ಒಂದೊಂದು ರೀತಿ ನಡೆದುಕೊಳ್ಳುತ್ತಿತ್ತು, ಅದರ ಅಗತ್ಯವೂ ಇತ್ತು. ಈಗ ಅದೇ ಕೆಲಸ ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಆಗುತ್ತದೆ.

ಹುಡುಗನ ಮುಂದೆ ಇದ್ದ ಆಯ್ಕೆ ಇಷ್ಟು. ‘ಹಳತು’ ಕ್ಲಾಸ್ ಇರುವ ಎಲ್ಲ ಸಾಲುಗಳನ್ನು ಒಟ್ಟಿಗೆ ಹಿಡಿಯಬೇಕು. ಒಂದು ದಾರಿ ಬ್ರೌಸರ್‌ನಲ್ಲೇ ಇರುವ ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಎಂಬ ಆಜ್ಞೆ, ಇನ್ನೊಂದು ಕ್ವೆರಿಸೆಲೆಕ್ಟರ್‌ಆಲ್. ಎರಡನ್ನೂ ತನ್ನ ಲ್ಯಾಪ್‌ಟಾಪ್‌ನಲ್ಲಿ ಲಕ್ಷ ಸಲ ಓಡಿಸಿ ಹೊತ್ತು ಅಳೆದ. ಮೊದಲನೆಯದು ಬಹಳ ಮುಂದಿತ್ತು. ಅದನ್ನೇ ಆರಿಸಿದ. ಒಂದೇ ಒಂದು ಸಾಲು ಇದ್ದ ಪರೀಕ್ಷಾ ಪುಟದಲ್ಲಿ ನೋಡಿದ, ಸರಿಯಾಗಿತ್ತು, ಪುಟ ಏರಿಸಿದ.

ತೊಂದರೆ

ರೋಬಸ್ಟಾ ಕೊಯ್ಲಿನ ಹೊತ್ತು, ಕಣದಲ್ಲೆಲ್ಲ ಚೆರಿ ಹರಡಿತ್ತು. ಅಂಥ ದಿನಗಳಲ್ಲಿ ಅಂಗಡಿಗೆ ಫೋನ್ ಮೇಲೆ ಫೋನ್. “ಚೆರಿ ರೇಟ್ ಇನ್ನೂ ಹಾಕಿಲ್ವಾ ಅಕ್ಕ?” ಪುಟದಲ್ಲಿ ಪಾರ್ಚ್‌ಮೆಂಟ್ ಎರಡೂ ಇವತ್ತಿನದು, ಮೆಣಸು ಇವತ್ತಿನದು. ಚೆರಿ ಎರಡರ ಮೇಲೂ ‘ನಿನ್ನೆಯ ದರ’. ವಿಚಿತ್ರವೆಂದರೆ ಅಲ್ಲಿದ್ದ ಅಂಕಿ ಇವತ್ತಿನದೇ. ಅಂಕಿ ಬರೆಯುವ ಕೋಡ್ ಬೇರೆ, ‘ಹಳತು’ ತೆಗೆಯುವ ಕೋಡ್ ಬೇರೆ. ಹಾಗಾಗಿ ಹೊಸ ದರದ ನೆತ್ತಿಯ ಮೇಲೆ ಹಳೆಯ ಹಣೆಪಟ್ಟಿ ಕೂತಿತ್ತು. ಇದು ತಪ್ಪು ಅಂಕಿಗಿಂತ ಕೆಟ್ಟದ್ದು ಎನ್ನುವುದು ನನ್ನ ಎಣಿಕೆ. ಅಂಕಿ ತಪ್ಪಿದ್ದರೆ ಯಾರೋ ಒಬ್ಬರು ಜಗಳಕ್ಕೆ ಬರುತ್ತಾರೆ, ಗೊತ್ತಾಗುತ್ತದೆ. ಇಲ್ಲಿ ಬೆಳೆಗಾರರು ಇವತ್ತಿನದು ಏರಿರಬಹುದು ಎಂದುಕೊಂಡು ಸುಮ್ಮನೆ ಮಾಲು ತಡೆದು ಕೂತರು. ಕೊಡಗಿನಲ್ಲಿ ಹೆಚ್ಚಿನವರ ಕೈಯಲ್ಲಿರುವುದೇ ರೋಬಸ್ಟಾ ಚೆರಿ.

ಯಜಮಾನರಿಗೂ ಅಕ್ಕನಿಗೂ ಕಾರಣ ಮೊದಲೇ ಗೊತ್ತಿದ್ದಂತಿತ್ತು: ಚೆರಿ ಲೆಕ್ಕದಲ್ಲೇ ಏನೋ ಐಬು. ಹಾಗನ್ನಿಸುವುದು ಸಹಜ. ಪಾರ್ಚ್‌ಮೆಂಟ್ ದರ ನೇರ ಬರೆಯುವ ಅಂಕಿ. ಚೆರಿಗೆ ಔಟ್‌ಟರ್ನ್ ನೋಡಬೇಕು, ಅಂದರೆ ಚೀಲ ಚೆರಿ ಹಲ್ ಮಾಡಿದರೆ (ಸಿಪ್ಪೆ ಬಿಡಿಸಿದರೆ) ಎಷ್ಟು ಕೆಜಿ ಬೀಜ ಬರುತ್ತದೆ ಎಂಬ ಲೆಕ್ಕ. ಶೀಟ್‌ನಲ್ಲಿ ಚೆರಿಯ ಎರಡು ಕೋಣೆಗಳಲ್ಲಿ ಮಾತ್ರ ಸೂತ್ರ ಇತ್ತು, ಉಳಿದವು ಬೆರಳಲ್ಲಿ ಒತ್ತಿದ ಅಂಕಿಗಳು. ಏಲಕ್ಕಿಯೂ ಬೂದಾಗಿಯೇ ಉಳಿದಿತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಏಲಕ್ಕಿ ದರ ಹೇಗೂ ದಿನಾ ಬದಲಾಗುವುದಿಲ್ಲ ಎಂದು ತಳ್ಳಿಹಾಕಿದರು.

ಹುಡುಗ ಶೀಟ್‌ನ ಸೂತ್ರ ತೆಗೆಸಿ ಬರಿ ಅಂಕಿ ಹಾಕಿಸಿದ. ಬದಲಾಗಲಿಲ್ಲ. ಕೋಣೆಯ ಫಾರ್ಮ್ಯಾಟ್ ಬದಲಿಸಿದ. ಬದಲಾಗಲಿಲ್ಲ. ಎಲ್ಲಕ್ಕಿಂತ ಅವನನ್ನು ಕಂಗೆಡಿಸಿದ್ದು ಬೇರೆಯೇ: ಅವನು ತನ್ನ ಲ್ಯಾಪ್‌ಟಾಪ್ ನೋಡಿದಾಗಲೆಲ್ಲ ಪುಟ ಸರಿಯಾಗಿಯೇ ಇರುತ್ತಿತ್ತು. “ಅಣ್ಣ, ನನ್ನ ಹತ್ರ ಎಲ್ಲಾ ಸರಿ ತೋರಿಸ್ತದೆ. ಅವರ ಫೋನೇ ಹಳೇದು ಇರ್ಬೇಕು” ಎಂದ ನನಗೆ ಫೋನ್ ಮಾಡಿದಾಗ.

ತಿರುವು

ನಾನು ಹೋದಾಗ ಅವನು ಕನ್ಸೋಲ್, ಅಂದರೆ ಕೋಡ್ ಏನು ಮಾಡುತ್ತಿದೆ ಎಂದು ತೋರಿಸುವ ಬ್ರೌಸರ್‌ನ ಕಿಟಕಿ, ತೆರೆದೇ ಇಟ್ಟಿದ್ದ. ಸಾಲುಗಳನ್ನು ಒಂದೊಂದಾಗಿ ಹಿಡಿದು ‘ಹಳತು’ ತೆಗೆಯುತ್ತಾ ಹೋಗುವ ಲೂಪ್ ಶುರುವಾಗುವ ಮೊದಲು ಆ ಸಾಲುಗಳ ಪಟ್ಟಿಯನ್ನು ಕನ್ಸೋಲ್‌ಗೆ ಬರೆಸಿ, ಬಾಣದ ಗುರುತು ಒತ್ತಿ ಬಿಡಿಸಿ ತೋರಿಸಿದ. ಒಳಗೆ ಇದ್ದದ್ದು ಮೂರೇ ಸಾಲು: ಅರೇಬಿಕಾ ಚೆರಿ, ರೋಬಸ್ಟಾ ಚೆರಿ, ಏಲಕ್ಕಿ. “ನೋಡಿ, ಶುರುವಿನಲ್ಲೇ ಮೂರಕ್ಕೆ ಮಾತ್ರ ಕ್ಲಾಸ್ ಇದೆ” ಎಂದ. ಆದರೆ ಬಿಡಿಸುವ ಮೊದಲು ಕನ್ಸೋಲ್‌ನ ಆ ಸಾಲಿನ ತಲೆಯಲ್ಲಿ ಆವರಣದೊಳಗೆ 6 ಎಂದಿತ್ತು. ತಲೆಯಲ್ಲಿ ಆರು, ಹೊಟ್ಟೆಯಲ್ಲಿ ಮೂರು.

ಪ್ರಕರಣ ತಿರುಗಿದ್ದು ಅಲ್ಲಿ. ಕನ್ಸೋಲ್ ತಲೆಬರಹವನ್ನು ಬರೆದ ಕ್ಷಣದಲ್ಲಿ ತುಂಬುತ್ತದೆ, ಒಳಗಿನದನ್ನು ನಾವು ಬಿಡಿಸಿದ ಕ್ಷಣದಲ್ಲಿ ಓದುತ್ತದೆ. ನಡುವೆ ಪಟ್ಟಿ ಕುಗ್ಗಿತ್ತು. ಯಾರೂ ಅದರಿಂದ ಏನನ್ನೂ ತೆಗೆದು ಹಾಕಿರಲಿಲ್ಲ. ತೆಗೆದದ್ದು ಸಾಲುಗಳ ಕ್ಲಾಸ್ ಮಾತ್ರ.

ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಕೊಡುವುದು ಎಚ್‌ಟಿಎಂಎಲ್‌ಕಲೆಕ್ಷನ್ ಎಂಬ ಪಟ್ಟಿ, ಮತ್ತು ಅದು ಲೈವ್, ಅಂದರೆ ಪುಟದ ಜೊತೆಗೆ ತಾನೂ ಬದಲಾಗುವಂಥದ್ದು. ಪುಟದಲ್ಲಿ ಆ ಕ್ಷಣಕ್ಕೆ ಯಾವ ಎಲಿಮೆಂಟ್‌ಗಳಿಗೆ (ಪುಟದ ಭಾಗಗಳಿಗೆ, ಇಲ್ಲಿ ಸಾಲುಗಳಿಗೆ) ಆ ಕ್ಲಾಸ್ ಇದೆಯೋ ಅವಷ್ಟೇ ಅದರೊಳಗೆ ಇರುತ್ತವೆ. ಒಂದು ಸಾಲಿನಿಂದ ‘ಹಳತು’ ತೆಗೆದೊಡನೆ ಆ ಸಾಲು ಪಟ್ಟಿಯಿಂದಲೂ ಹೊರಗೆ. ರೇಷನ್ ಅಂಗಡಿಯ ಸರದಿಯಲ್ಲಿ ಮೊದಲಿನವರು ಹೊರಟರೆ ಎಲ್ಲರೂ ಒಂದು ಹೆಜ್ಜೆ ಮುಂದೆ ಬರುತ್ತಾರಲ್ಲ, ಹಾಗೆ ಉಳಿದ ಸಾಲುಗಳು ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಲೂಪ್ ಮಾತ್ರ ಎರಡನೆಯ ಸ್ಥಾನಕ್ಕೆ ಹೋಗಿ ನಿಂತಿರುತ್ತದೆ. ಎರಡನೆಯವರಾಗಿದ್ದವರು ಆಗಲೇ ಮೊದಲ ಸ್ಥಾನಕ್ಕೆ ಬಂದಾಯಿತು, ಅವರನ್ನು ಯಾರೂ ಕೇಳುವುದಿಲ್ಲ.

ಆರು ಸಾಲಿನಲ್ಲಿ ಇದನ್ನು ಕಾಗದದ ಮೇಲೆ ಬಿಡಿಸಿ ನೋಡಿದೆವು. 1, 3, 5 ಸ್ವಚ್ಛವಾಗುತ್ತವೆ, 2, 4, 6 ಉಳಿಯುತ್ತವೆ. ಟೇಬಲ್‌ನಲ್ಲಿ ಪಾರ್ಚ್‌ಮೆಂಟ್ ಆದ ಮೇಲೆ ಚೆರಿ, ಪಾರ್ಚ್‌ಮೆಂಟ್ ಆದ ಮೇಲೆ ಚೆರಿ ಎಂದು ಜೋಡಿಸಿದ್ದರಿಂದ ಎರಡು ಚೆರಿಗಳೂ ಸರಿ ಸಂಖ್ಯೆಯ ಸಾಲಿಗೆ ಬಿದ್ದಿದ್ದವು. ಔಟ್‌ಟರ್ನ್‌ಗೂ ಇದಕ್ಕೂ ಯಾವ ನಂಟೂ ಇರಲಿಲ್ಲ. ಆರನೆಯ ಏಲಕ್ಕಿಯನ್ನು ಅಷ್ಟು ಬೇಗ ತಳ್ಳಿಹಾಕದೆ ಇದ್ದಿದ್ದರೆ ‘ಒಂದು ಬಿಟ್ಟು ಒಂದು’ ಎನ್ನುವುದು ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತಿತ್ತು. ಕಾರಣ ಇದೇ ಎಂದು ನಂಬಿಕೊಂಡ ಮೇಲೆ ಅದಕ್ಕೆ ಹೊಂದದ ಸುಳಿವನ್ನು ನಾವೇ ಸುಳಿವಿನ ಲೆಕ್ಕದಿಂದ ತೆಗೆದುಬಿಡುತ್ತೇವೆ. ಕೋಡ್‌ಗಿಂತ ಹೆಚ್ಚು ಹೊತ್ತು ತಿಂದದ್ದು ಅದು.

ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಾಣುತ್ತಿದ್ದುದೂ ಇದೇ ಲೆಕ್ಕದಿಂದ ಬಿಡಿಸಿಕೊಂಡಿತು. ಹತ್ತು ನಿಮಿಷ ಬಿಟ್ಟು ಪುಟ ಮತ್ತೆ ಶೀಟ್ ನೋಡಿದಾಗ ಲೂಪ್ ಮತ್ತೆ ಓಡುತ್ತದೆ. ಉಳಿದ ಮೂರರಲ್ಲಿ ಅರೇಬಿಕಾ ಚೆರಿ ಮತ್ತು ಏಲಕ್ಕಿ ಸ್ವಚ್ಛವಾಗಿ, ರೋಬಸ್ಟಾ ಚೆರಿ ಒಂದೇ ಉಳಿಯುತ್ತದೆ. ಮೂರನೆಯ ಸುತ್ತಿಗೆ ಅದೂ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪುಟ ಇಡೀ ದಿನ ತೆರೆದೇ ಇರುತ್ತಿತ್ತು. ತೋಟದಲ್ಲಿ ನಿಂತು ಒಂದು ನಿಮಿಷ ನೋಡಿ ಮುಚ್ಚುವವರಿಗೆ ಮೊದಲ ಸುತ್ತು ಮಾತ್ರ ಸಿಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಜನಕ್ಕೆ ಬೇಕಾದ ಸಾಲೇ ಎಲ್ಲಕ್ಕಿಂತ ಕೊನೆಗೆ ಸರಿಯಾಗುತ್ತಿತ್ತು.

ಜೆಕ್ವೆರಿ ಇದ್ದಾಗ ಯಾಕೆ ಆಗಲಿಲ್ಲ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಜೆಕ್ವೆರಿ 3 ಕೂಡ ಬರಿಯ ಕ್ಲಾಸ್ ಹೆಸರು ಕೊಟ್ಟರೆ ಒಳಗೊಳಗೆ ಇದೇ ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಕರೆಯುತ್ತಿತ್ತು. ಆದರೆ ಸಿಕ್ಕಿದ್ದನ್ನು ತಕ್ಷಣ ತನ್ನದೇ ಪಟ್ಟಿಗೆ ನಕಲು ಮಾಡಿಕೊಂಡು ನಮಗೆ ಆ ನಕಲನ್ನು ಕೊಡುತ್ತಿತ್ತು. ಲೈಬ್ರರಿ ತೆಗೆದಾಗ 30 ಕಿಲೋಬೈಟ್ ಜೊತೆಗೆ ಆ ನಕಲೂ ಹೋಯಿತು.

ಏನೇನು ಮಾಡಿ ನೋಡಿದೆವು

ಸರಿಪಡಿಸುವ ದಾರಿ ಹಲವು. ಲೂಪನ್ನು ಕೊನೆಯಿಂದ ಮೊದಲಿಗೆ ಓಡಿಸಿದರೆ ಹಿಂದಿನವರು ಸರಿದರೂ ಮುಂದಿನವರ ಸ್ಥಾನ ಕದಲುವುದಿಲ್ಲ, ಅದು ನಡೆಯುತ್ತದೆ. ಅರೇ.ಫ್ರಮ್ ಬಳಸಿ ಪಟ್ಟಿಯ ನಕಲು ತೆಗೆದುಕೊಂಡು ಅದರ ಮೇಲೆ ಓಡಬಹುದು. ಫಾರ್ ಆಫ್ ಲೂಪ್‌ಗೆ ಬದಲಿಸಿದರೆ ಸರಿಯಾಗುತ್ತದೆಯೇ ಎಂದು ಹುಡುಗ ಮಾಡಿ ನೋಡಿದ, ಆಗಲಿಲ್ಲ. ಅದೂ ಒಳಗೆ ಸ್ಥಾನ ಎಣಿಸುತ್ತಲೇ ಹೋಗುತ್ತದೆ, ಅಲ್ಲೂ ಒಂದು ಬಿಟ್ಟು ಒಂದು.

ಅವನಿಗೆ ಹಿಡಿಸಿದ್ದು ಇನ್ನೊಂದು: ಪಟ್ಟಿ ಖಾಲಿಯಾಗುವವರೆಗೂ ಮೊದಲನೆಯದರ ‘ಹಳತು’ ತೆಗೆಯುತ್ತಾ ಹೋಗುವ ವೈಲ್ ಲೂಪ್. ಲೈವ್ ಗುಣವನ್ನೇ ಉಪಯೋಗಕ್ಕೆ ತಂದಂತೆ, ಎರಡೇ ಸಾಲಿನ ಕೋಡ್. ನೋಡಲು ಚಂದ. ನನಗೆ ಸಮಾಧಾನವಿರಲಿಲ್ಲ, ಆದರೂ ತಡೆಯಲು ಕೈಯಲ್ಲಿ ಕಾರಣ ಇರಲಿಲ್ಲ. ಅದನ್ನೇ ಹಾಕಿದ, ಫೋನ್‌ಗಳು ನಿಂತವು.

ಆಮೇಲೆ ಅಕ್ಕ ಒಂದು ನ್ಯಾಯವಾದ ಬೇಡಿಕೆ ಇಟ್ಟರು. ಏಲಕ್ಕಿಗೆ ಹೊಸ ದರ ಬಾರದ ದಿನ ‘ನಿನ್ನೆಯ ದರ’ ಹಾಗೇ ಇರಲಿ, ಸುಳ್ಳು ಯಾಕೆ ಹೇಳುವುದು ಎಂದು. ಹುಡುಗ ಲೂಪ್‌ನೊಳಗೆ ಷರತ್ತು ಸೇರಿಸಿದ: ಹೊಸ ದರ ಬಂದಿದ್ದರೆ ಮಾತ್ರ ಕ್ಲಾಸ್ ತೆಗೆ. ಮರುದಿನ ಏಲಕ್ಕಿ ದರ ಬರಲಿಲ್ಲ. ಏಲಕ್ಕಿಯ ಕ್ಲಾಸ್ ಹೋಗುವುದಿಲ್ಲ, ಹೋಗದೆ ಪಟ್ಟಿ ಖಾಲಿಯಾಗುವುದಿಲ್ಲ, ಖಾಲಿಯಾಗದೆ ಲೂಪ್ ನಿಲ್ಲುವುದಿಲ್ಲ. ಪುಟ ತೆರೆದವರ ಫೋನ್ ಅಲ್ಲೇ ಗರ ಬಡಿದಂತೆ ನಿಂತಿತು. ಯಜಮಾನರು ಫೋನ್ ಮೇಜಿನ ಮೇಲೆ ಇಟ್ಟು, “ಏನಪ್ಪಾ ಇದು, ಕೈ ಸುಡ್ತಾ ಉಂಟು” ಎಂದರು.

ಅವತ್ತು ಕ್ವೆರಿಸೆಲೆಕ್ಟರ್‌ಆಲ್‌ಗೆ ಬಂದೆವು. ಅದು ಕೊಡುವ ನೋಡ್‌ಲಿಸ್ಟ್ ಸ್ಥಿರ. ಕೇಳಿದ ಕ್ಷಣದಲ್ಲಿ ಯಾರು ಯಾರು ಇದ್ದರೋ ಅವರ ಪಟ್ಟಿ, ಆಮೇಲೆ ಪುಟದಲ್ಲಿ ಏನಾದರೂ ಅದು ಬದಲಾಗುವುದಿಲ್ಲ. ಷರತ್ತು ಹಾಕಿ, ಕ್ಲಾಸ್ ತೆಗೆಯಿರಿ, ಸಾಲನ್ನೇ ಅಳಿಸಿ, ಆರು ಅಂದರೆ ಆರು. ಪಟ್ಟಿಯ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡಿಸುವ ಫಾರ್‌ಈಚ್ ಅದರ ಮೇಲೆ ನೇರ ನಡೆಯುತ್ತದೆ. ಎಚ್‌ಟಿಎಂಎಲ್‌ಕಲೆಕ್ಷನ್ ಮೇಲೆ ಫಾರ್‌ಈಚ್ ಇಲ್ಲ. ಹುಡುಗ ಮೊದಲೇ ಫಾರ್‌ಈಚ್ ಬರೆದಿದ್ದರೆ ಬ್ರೌಸರ್ ದೋಷ ತೋರಿಸಿ ಅಲ್ಲೇ ನಿಲ್ಲಿಸುತ್ತಿತ್ತು. ಅದಿಲ್ಲವೆಂದು ಹಳೆಯ ಕಾಲದ ಸ್ಥಾನ ಎಣಿಸುವ ಲೂಪ್ ಬರೆದ, ಅದು ದೋಷ ತೋರಿಸದೆ ತಪ್ಪು ಮಾಡಿತು.

ಕೊನೆಯಿಂದ ಓಡುವ ಲೂಪ್‌ಗೂ ಇದೇ ಫಲ ಸಿಗುತ್ತಿತ್ತಲ್ಲ ಎಂದು ಹುಡುಗ ವಾದಿಸಿದ. ಸಿಗುತ್ತಿತ್ತು. ಆದರೆ ಆ ಲೂಪ್ ಯಾಕೆ ತಿರುಗುಮುರುಗಾಗಿದೆ ಎನ್ನುವುದು ಕೋಡ್ ನೋಡಿದರೆ ತಿಳಿಯುವುದಿಲ್ಲ. ಮುಂದಿನ ರಜೆಗೆ ಇನ್ನೊಬ್ಬ ಹುಡುಗ ಬಂದು ಅದನ್ನು ‘ನೇರ’ ಮಾಡಿಬಿಟ್ಟರೆ ಚೆರಿ ಮತ್ತೆ ಬೂದು.

ವೇಗದ ಮಾತು

ಇದರ ಬಗ್ಗೆ ನಮ್ಮಿಬ್ಬರಿಗೂ ಸ್ವಲ್ಪ ಜೋರಾಗಿಯೇ ಮಾತಾಯಿತು. ಅವನು ಅಳೆದ ಅಂಕಿ ಸುಳ್ಳಲ್ಲ. ಆದರೆ ಅಳೆದದ್ದು ಏನನ್ನು? ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಕರೆದಾಗ ಬ್ರೌಸರ್ ಸಾಲುಗಳನ್ನು ಹುಡುಕಲು ಹೋಗುವುದೇ ಇಲ್ಲ. ಹುಡುಕಬಲ್ಲ ಒಂದು ವಸ್ತುವನ್ನು ಕೈಗೆ ಕೊಡುತ್ತದೆ, ಮತ್ತೆ ಕೇಳಿದರೆ ಅದನ್ನೇ ಕೊಡುತ್ತದೆ. ಹುಡುಕಾಟ ಆಗುವುದು ನಾವು ಎಷ್ಟಿವೆ, ಮೊದಲನೆಯದು ಯಾವುದು ಎಂದು ಕೇಳಿದಾಗ. ಪುಟ ಬದಲಾದ ಮೇಲೆ ಕೇಳಿದರೆ ಮತ್ತೆ ಎಣಿಸಬೇಕು. ಕ್ವೆರಿಸೆಲೆಕ್ಟರ್‌ಆಲ್ ಪ್ರತಿ ಸಲವೂ ಪುಟ ಸುತ್ತಿ ಹೊಸ ಪಟ್ಟಿ ಕಟ್ಟಿ ಕೊಡುತ್ತದೆ. ಲಕ್ಷ ಸಲ ಕರೆದು, ಪಟ್ಟಿಯನ್ನು ಮುಟ್ಟದೆ ಬಿಟ್ಟರೆ ಮೊದಲನೆಯದು ಗೆಲ್ಲದೆ ಇನ್ನೇನು? ಈ ಪುಟ ಹತ್ತು ನಿಮಿಷಕ್ಕೊಮ್ಮೆ ಒಂದು ಸಲ ಕರೆಯುತ್ತದೆ, ಆರು ಸಾಲಿಗೆ. ಆ ವ್ಯತ್ಯಾಸ ಯಾವ ಬೆಳೆಗಾರನ ಅನುಭವಕ್ಕೂ ಬರುವುದಿಲ್ಲ.

ಎರಡು ಬಗೆ ಯಾಕಿವೆ ಎನ್ನುವುದಕ್ಕೆ ಚರಿತ್ರೆಯಲ್ಲಿ ಉತ್ತರ ಇದೆ. ಕೋಡ್ ಪುಟದ ಭಾಗಗಳನ್ನು ಹೇಗೆ ಮುಟ್ಟಬೇಕೆಂದು ಹೇಳುವ ಡಾಮ್ ಎಂಬ ನಿಯಮಾವಳಿಯ 1998ರ ಮೊದಲ ಹಂತದಲ್ಲೇ ಗೆಟ್‌ಎಲಿಮೆಂಟ್ಸ್‌ಬೈಟ್ಯಾಗ್‌ನೇಮ್ ಇತ್ತು, ಆಗ ಪಟ್ಟಿಗಳೆಲ್ಲ ಲೈವ್. ಕ್ವೆರಿಸೆಲೆಕ್ಟರ್‌ಆಲ್ ಇರುವ ಸೆಲೆಕ್ಟರ್ಸ್ ಎಪಿಐ 2013ರಲ್ಲಿ ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಯಿತು, ಅದರಲ್ಲಿ ಪಟ್ಟಿ ಸ್ಥಿರವಾಗಿರಬೇಕೆಂದು ಬಿಡಿಸಿ ಹೇಳಿದ್ದಾರೆ. ನೋಡ್‌ಲಿಸ್ಟ್ ಎಂಬ ಹೆಸರು ನೋಡಿ ಸ್ಥಿರ ಎಂದುಕೊಳ್ಳುವಂತಿಲ್ಲ: ಒಂದು ಎಲಿಮೆಂಟ್‌ನ ಒಳಗಿನವುಗಳ ಪಟ್ಟಿಗೆ ಬಳಸುವ ಚೈಲ್ಡ್‌ನೋಡ್ಸ್ ಕೊಡುವುದೂ ನೋಡ್‌ಲಿಸ್ಟೇ, ಅದು ಲೈವ್.

ಸ್ಥಿರ ಪಟ್ಟಿಯ ತಾಪತ್ರಯ

ಇಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ, ‘ಯಾವಾಗಲೂ ಕ್ವೆರಿಸೆಲೆಕ್ಟರ್‌ಆಲ್ ಬಳಸಿ’ ಎಂದು ಒಂದು ಸಾಲು ಸಾಕಿತ್ತು. ಯಜಮಾನರು ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳಲ್ಲಿ ಖರೀದಿ ಶುರುಮಾಡಿ ಪ್ರತಿ ಊರಿನ ದರವೂ ಪುಟಕ್ಕೆ ಬರಲಿ ಎಂದರು. ಆ ಸಾಲುಗಳು ಪುಟ ತೆರೆದ ಮೇಲೆ ಶೀಟ್‌ನಿಂದ ಬಂದು ಸೇರುತ್ತವೆ. ಹುಡುಗ ಹೊಸ ಉತ್ಸಾಹದಲ್ಲಿ ಎಲ್ಲ ಪಟ್ಟಿಗಳನ್ನೂ ಫೈಲಿನ ಮೇಲ್ಭಾಗದಲ್ಲೇ ಒಂದು ಸಲ ಹಿಡಿದು ಇಟ್ಟುಕೊಂಡಿದ್ದ. ಪಟ್ಟಿ ಸ್ಥಿರ, ಹೊಸ ಸಾಲುಗಳು ಅದರಲ್ಲಿ ಇಲ್ಲ. ಕುಶಾಲನಗರದ ಸಾಲುಗಳು ಇಡೀ ದಿನ ಬೂದು. ಮೊದಲು ಪಟ್ಟಿ ತಾನಾಗಿ ಬದಲಾಗಿ ಕೆಡಿಸಿತು, ಈಗ ಬದಲಾಗದೆ ಕೆಡಿಸಿತು.

ಪಟ್ಟಿ ಹಿಡಿಯುವ ಕೋಡ್ ಸಾಲನ್ನು ಕೆಲಸ ಮಾಡುವ ಫಂಕ್ಷನ್‌ನ ಒಳಗೇ ಇಟ್ಟು, ಬೇಕಾದಾಗ ಹೊಸದಾಗಿ ಕೇಳುವಂತೆ ಮಾಡಿದೆವು. ಸಾಲಿನ ಮೇಲೆ ಬೆರಳಿಟ್ಟರೆ ಕಳೆದ ವಾರದ ದರ ತೋರುವ ವ್ಯವಸ್ಥೆಗೆ ಅದೂ ಸಾಲದು. ಹೊಸ ಸಾಲು ಬಂದಾಗಲೆಲ್ಲ ಅದಕ್ಕೆ ಕ್ಲಿಕ್ ಕಟ್ಟಬೇಕು, ಮರೆತರೆ ಅದು ಸತ್ತ ಸಾಲು. ಅಲ್ಲಿ ನಾವು ಹಲವು ಎಲಿಮೆಂಟ್ ಹಿಡಿಯುವುದನ್ನೇ ಬಿಟ್ಟೆವು. ಇಡೀ ಟೇಬಲ್‌ಗೆ ಒಂದೇ ಕ್ಲಿಕ್ ಕಟ್ಟಿ, ಬೆರಳು ಬಿದ್ದ ಜಾಗದಿಂದ ಕ್ಲೋಸೆಸ್ಟ್ ಬಳಸಿ ಯಾವ ಸಾಲು ಎಂದು ಹುಡುಕಿದೆವು. ಮುಂದೆ ಎಷ್ಟು ಸಾಲು ಬಂದರೂ ಅದು ನಡೆಯುತ್ತದೆ. ಯಾವ ವಿಧಾನದಲ್ಲಿ ಹಿಡಿಯಲಿ ಎಂದು ಕೇಳುವ ಮೊದಲು ಹಿಡಿಯಲೇಬೇಕೇ ಎಂದು ಕೇಳಿಕೊಂಡರೆ ಅರ್ಧ ಕೋಡ್ ಉಳಿಯುತ್ತದೆ ಎನ್ನುವುದನ್ನು ನಾನು ಈ ಪುಟದ ಆಚೆಯೂ ಕಂಡಿದ್ದೇನೆ.

ಸಣ್ಣ ಎಡವುಗಳೂ ಇದ್ದವು. ಊರಿನ ಗುರುತಿಗೆ ಪಿನ್‌ಕೋಡ್ ಚೆನ್ನಾಗಿರುತ್ತದೆಂದು ಹುಡುಗ ಸಾಲುಗಳ ಐಡಿಯಾಗಿ ಅದನ್ನೇ ಕೊಟ್ಟ, ಮಡಿಕೇರಿಗೆ 571201. ಎಚ್‌ಟಿಎಂಎಲ್‌ನಲ್ಲಿ ಅದು ಸರಿ, ಗೆಟ್‌ಎಲಿಮೆಂಟ್‌ಬೈಐಡಿ ಅದನ್ನು ಹುಡುಕಿಕೊಡುತ್ತದೆ. ಆದರೆ ಕ್ವೆರಿಸೆಲೆಕ್ಟರ್‌ಆಲ್‌ಗೆ ಕೊಡುವ ಸಿಎಸ್‌ಎಸ್ ಸೆಲೆಕ್ಟರ್‌ನಲ್ಲಿ, ಅಂದರೆ ಯಾವುದನ್ನು ಹಿಡಿಯಬೇಕೆಂದು ಹೇಳುವ ಬರಹದಲ್ಲಿ, ಐಡಿ ಅಂಕಿಯಿಂದ ನೇರವಾಗಿ ಶುರುವಾಗುವಂತಿಲ್ಲ. ಕ್ವೆರಿಸೆಲೆಕ್ಟರ್‌ಆಲ್ ಖಾಲಿ ಪಟ್ಟಿಯನ್ನೂ ಕೊಡದೆ ಸಿಂಟ್ಯಾಕ್ಸ್ ದೋಷ ಎಸೆಯಿತು. ಸಿಎಸ್‌ಎಸ್.ಎಸ್ಕೇಪ್ ಬಳಸಿ ದಾಟಬಹುದಿತ್ತು, ಮುಂದೆ ‘ಊರು-’ ಎಂಬ ಹಣೆಪಟ್ಟಿ ಸೇರಿಸಿ ಕೈತೊಳೆದುಕೊಂಡೆವು. ಮುದ್ರಿಸುವ ಪ್ರತಿಯಲ್ಲಿ ಮೆಣಸು ಮೊದಲು ಬರಲೆಂದು ಸೆಲೆಕ್ಟರ್‌ನಲ್ಲಿ ಮೆಣಸು, ಅಲ್ಪವಿರಾಮ, ಕಾಫಿ ಎಂದು ಬರೆದದ್ದೂ ಫಲಿಸಲಿಲ್ಲ. ನಾವು ಹೇಗೆ ಬರೆದರೂ ಪಟ್ಟಿ ಬರುವುದು ಪುಟದಲ್ಲಿ ಇರುವ ಕ್ರಮದಲ್ಲೇ.

ಈಗ ಹೇಗಿದೆ

ಪುಟದಲ್ಲಿ ಸಾಲುಗಳ ಮೇಲೆ ಓಡುವ ಕಡೆಯಲ್ಲೆಲ್ಲ ಕ್ವೆರಿಸೆಲೆಕ್ಟರ್‌ಆಲ್ ಇದೆ. ಪರೀಕ್ಷಾ ಪುಟದಲ್ಲಿ ಒಂದರ ಬದಲು ಏಳು ಸಾಲು, ಅವುಗಳಲ್ಲಿ ಎರಡಕ್ಕೆ ಬೇಕೆಂದೇ ಹೊಸ ದರ ಕೊಟ್ಟಿಲ್ಲ. ಬೆಸ ಸಂಖ್ಯೆ ನನ್ನ ಹಟ, ಅದಕ್ಕೆ ದೊಡ್ಡ ತರ್ಕವೇನೂ ಇಲ್ಲ.

ಒಂದು ಕಡೆ ಮಾತ್ರ ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಉಳಿದಿದೆ. ಅಕ್ಕನ ಪರದೆಯ ಮೂಲೆಯಲ್ಲಿ ‘ಇನ್ನೂ 4 ದರ ಬಾಕಿ’ ಎಂದು ತೋರಿಸುವ ಎಣಿಕೆ ಇದೆ. ‘ಹಳತು’ ಪಟ್ಟಿಯನ್ನು ಒಮ್ಮೆ ಹಿಡಿದು ಇಟ್ಟುಕೊಂಡಿದೆ, ಯಾವಾಗ ಕೇಳಿದರೂ ಅದರ ಉದ್ದವೇ ಸರಿಯಾದ ಉತ್ತರ. ಇಲ್ಲಿ ಲೈವ್ ಗುಣ ಬೇಕಾದದ್ದೇ. ಎಲ್ಲ ಕಡೆ ಒಂದೇ ವಿಧಾನ ಇರಲಿ, ಓದುವವರಿಗೆ ಗೊಂದಲ ಯಾಕೆ ಎಂದು ಈ ಸಲ ಹುಡುಗನೇ ಅಡ್ಡ ಬಂದ, ಅವನ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಅದನ್ನು ಉಳಿಸಿ, ಮೇಲೆ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆದ: ‘ಈ ಪಟ್ಟಿ ಲೈವ್. ಉದ್ದ ಮಾತ್ರ ಓದಿ, ಇದರ ಮೇಲೆ ಲೂಪ್ ಓಡಿಸಬೇಡಿ.’